ಲಿಫ್ಟಿನಲ್ಲಿ ಅಂಟಿಸಿದ ಆರೋಪ

ಹಲಸೂರು, ಬೆಂಗಳೂರು
೨೭ ಏಪ್ರಿಲ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಅಫ್ತಾಬ್,

ನಿನ್ನ ಮೆಹರು ಆಪಾಳ ಸಲಾಂ, ಅದರ ಬೆನ್ನಿಗೇ ಒಂದಿಷ್ಟು ಬೈಗುಳ. ಬೈಗುಳ ಆಮೇಲೆ. ಮೊದಲು ನೀನು ಹೇಗಿದ್ದೀ ಹೇಳು. ಸಕ್ಕರೆ ಹತೋಟಿಯಲ್ಲಿದೆಯೇ, ಇಲ್ಲಾ ಕೋರ್ಟಿನ ಕ್ಯಾಂಟೀನಿನಲ್ಲಿ ಕದ್ದು ಜಿಲೇಬಿ ತಿನ್ನುವುದು ಇನ್ನೂ ನಡೆದಿದೆಯೇ? ಕಲಬುರಗಿಯ ಬಿಸಿಲಿನ ಸುದ್ದಿ ಟೀವಿಯಲ್ಲಿ ನೋಡಿದಾಗಲೆಲ್ಲ ನಿನ್ನ ಕರಿ ಕೋಟೇ ಕಣ್ಣಮುಂದೆ ಬರುತ್ತದೆ. ಮಧ್ಯಾಹ್ನದ ಹೊತ್ತು ಅದನ್ನು ಹಾಕಿಕೊಂಡು ನಡೆದು ಬರಬೇಡ, ಆಟೋ ಹತ್ತು. ನಾಜಿಶ್‌ಳ ಬೆನ್ನುನೋವು ಕಡಿಮೆಯಾಯಿತೇ? ಅವಳು ಕೇಳಿದ್ದ ಮಸಾಲೆಯನ್ನು ಅಕ್ತರ್ ಶಿವಾಜಿನಗರದ ಅಂಗಡಿಯಿಂದ ಬರುವಾಗ ತಂದಿಟ್ಟಿದ್ದಾನೆ, ಯಾರಾದರೂ ಆ ಕಡೆ ಹೊರಟರೆ ಕಳಿಸುತ್ತೇನೆ. ಇಲ್ಲಿ ನಾನು, ಮಗ ಅಕ್ತರ್, ಸೊಸೆ, ಮೊಮ್ಮಗಳು ಸಿದ್ರಾ ಎಲ್ಲರೂ ಚೆನ್ನಾಗಿದ್ದೇವೆ. ಎರಡು ಮಳೆ ಬಿದ್ದ ಮೇಲೆ ಸಂಜೆ ಕೆರೆ ಕಡೆಯಿಂದ ತಣ್ಣನೆ ಗಾಳಿ ಬರುತ್ತದೆ. ಬಾಲ್ಕನಿಯಲ್ಲಿ ಕೂತರೆ ಏಳಲು ಮನಸ್ಸೇ ಬರುವುದಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಅಂತೀಯ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಎದುರು ಪಾರ್ಟಿಯ ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸಿಕೊಂಡ ಹಾಗೆ ನಡುನಡುವೆ ಪ್ರಶ್ನೆ ಹಾಕುತ್ತೀ. ಕಾಗದಕ್ಕೆ ಅಡ್ಡ ಬಾಯಿ ಹಾಕಲು ಬರುವುದಿಲ್ಲ. ಮನೆಯಲ್ಲಿ ದಖನಿ ಆಡಿಕೊಳ್ಳಿ, ಬರೆಯುವುದಾದರೆ ಕನ್ನಡದಲ್ಲಿ ಬರೆಯಿರಿ ಎಂದು ಅಬ್ಬಾ ನಮ್ಮಿಬ್ಬರನ್ನೂ ಬೆಳೆಸಿದ್ದು ಇಂಥ ದಿನಕ್ಕೇ ಇರಬೇಕು. ಈ ತಿಂಗಳು ನಿನ್ನ ಅಕ್ಕನ ಮೇಲೆ ಸಂವಿಧಾನ ಉಲ್ಲಂಘನೆಯ ಆರೋಪ ಬಂತು, ವಿಚಾರಣೆಯಾಯಿತು, ಅವಳು ಗೆದ್ದೂ ಗೆದ್ದಳು. ಅರ್ಧ ಕಥೆ ನಿನಗೆ ಗೊತ್ತು. ಆ ಅರ್ಧದಲ್ಲೇ ನೀನು ನಕ್ಕು ಫೋನ್ ಇಟ್ಟೆ. ಉಳಿದದ್ದನ್ನು ಈಗ ಸುಮ್ಮನೆ ಕೂತು ಓದು.

ಜನವರಿಯಲ್ಲಿ ನನ್ನನ್ನು ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ಅಧ್ಯಕ್ಷೆ ಮಾಡಿದರಲ್ಲ, ಯಾರಿಗೂ ಬೇಡದ ಕೆಲಸವಾಗಿತ್ತು. ರಿಟೈರ್ಡ್ ಹೆಡ್‌ಮಿಸ್ಟ್ರೆಸ್ ಇದ್ದಾರಲ್ಲ, ಅವರಿಗೆ ಹೊತ್ತೂ ಇದೆ, ಗಂಟಲೂ ಇದೆ ಎಂದು ಸೆಕ್ರೆಟರಿ ಮುನಿಆಂಜನಪ್ಪ ಹೆಸರು ಎತ್ತಿದರು, ಮಿಕ್ಕವರು ತಲೆಯಾಡಿಸಿದರು. ನನಗೂ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಬಂದವಳೇ ಸ್ಕೂಲು ನಡೆಸಿದ ಹಾಗೆ ನಡೆಸಿದೆ. ನೀರಿನ ಪಂಪಿಗೆ ಟೈಂಟೇಬಲ್, ಕಾರು ನಿಲ್ಲಿಸಲು ಗೆರೆ, ಟೆರೇಸಿಗೆ ಬೀಗ. ವಾಟ್ಸಾಪ್ ಗುಂಪಿನಲ್ಲಿ ದಿನಬೆಳಗಾದರೆ ಹೂವು, ಸೂರ್ಯ, ದೇವರ ಪಟ, ಮಧ್ಯಾಹ್ನವಾದರೆ ಕಸದ ಜಗಳ. ತಲೆ ಚಿಟ್ಟು ಹಿಡಿಯುತ್ತಿತ್ತು. ಅಧ್ಯಕ್ಷೆ ಮಾತ್ರ ಸಂದೇಶ ಹಾಕಬಹುದು ಎಂದು ಮಾಡಿ ಎಲ್ಲರ ಬಾಯಿಗೂ ಬೀಗ ಹಾಕಿದೆ. ಎಂಥ ನೆಮ್ಮದಿ ಅಂತೀಯ. ನಿಜ ಹೇಳಬೇಕೆಂದರೆ ಆಗ ಯಾರೂ ಕಮಕ್ ಕಿಮಕ್ ಅನ್ನಲಿಲ್ಲ.

ರಂಜಾನಿನಲ್ಲಿ ಎರಡನೇ ಮಹಡಿಯವರ ಮನೆಯಲ್ಲಿ ಒಂದು ಜೊತೆ ಬೆಳ್ಳಿ ಕಾಲ್ಗೆಜ್ಜೆ ಕಾಣೆಯಾಯಿತು. ಆಯಮ್ಮ ಅತ್ತುಕೊಂಡು ನನ್ನ ಬಾಗಿಲಿಗೆ ಬಂದಳು, ಹಿಂದೆಯೇ ನಾಲ್ಕು ಮನೆಯವರು ಬಂದರು. ಕೆಲಸದವರನ್ನು ಹೇಳೋರಿಲ್ಲ ಕೇಳೋರಿಲ್ಲದ ಹಾಗಾಗಿದೆ ಮೇಡಂ, ಏನಾದರೂ ಮಾಡಿ ಎಂದರು. ನಾನೂ ಹಿಂದೆಮುಂದೆ ನೋಡದೆ ಅಂದೇ ಆದೇಶ ಹೊರಡಿಸಿಬಿಟ್ಟೆ. ಮನೆಗೆಲಸದವರು, ಅಡುಗೆಯವರು, ಇಸ್ತ್ರಿಯವರು ಹೊರಗೆ ಹೋಗುವಾಗ ಗೇಟಿನಲ್ಲಿ ವಾಚ್‌ಮನ್ ರಾಮು ಅವರ ಚೀಲ ನೋಡಬೇಕು. ಚೀಲದಲ್ಲಿ ಏನಾದರೂ ಇದ್ದರೆ, ಕೊಟ್ಟ ಮನೆಯವರಿಗೆ ಇಂಟರ್‌ಕಾಂ ಮಾಡಿ ಕೇಳಿ ಬಿಡಬೇಕು. ಸಹಿ, ಅಧ್ಯಕ್ಷೆ. ಅಕ್ಷರ ದುಂಡಗೆ ಬಂದಿದೆ ಎಂದು ಮುನಿಆಂಜನಪ್ಪ ಹೊಗಳಿದರು, ನಾನು ಉಬ್ಬಿದೆ. ಕೆಲಸದವರು ಎಂದು ಬರೆಯುವಾಗ ನನ್ನ ಮನಸ್ಸಿನಲ್ಲಿ ಬಾಲಮ್ಮ ಇರಲೇ ಇಲ್ಲ. ಅವಳು ನಮ್ಮವಳಲ್ಲವೇ ಅನ್ನುವ ಧೈರ್ಯ.

ಬಾಲಮ್ಮ ನಿನಗೆ ಗೊತ್ತು. ಲಿಂಗಸುಗೂರಿನ ಕಡೆಯವಳು, ಇಲ್ಲೇ ಜೋಗುಪಾಳ್ಯದಲ್ಲಿ ಬಾಡಿಗೆ ರೂಮು, ಗಂಡ ಅಮರಪ್ಪ ಗಾರೆ ಕೆಲಸ. ನಿಮ್ಮ ಭಾವ ತೀರಿಹೋದ ವರ್ಷದಿಂದ ನಮ್ಮನೆಯಲ್ಲಿದ್ದಾಳೆ. ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ನಾವಿಬ್ಬರೇ ಕೂತು ಚಹಾ ಕುಡಿಯುವುದು. ಆಮೇಲೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಅವಳು ಊರಿನ ಸುದ್ದಿ ಹೇಳುತ್ತಾಳೆ, ನಾನು ಅಪಾರ್ಟ್‌ಮೆಂಟಿನ ಸುದ್ದಿ ಹೇಳುತ್ತೇನೆ. ಸೊಸೆಯ ಹತ್ತಿರ ಹೇಳದ್ದನ್ನು ಅವಳ ಹತ್ತಿರ ಹೇಳಿದ್ದೇನೆ. ಸೊಸೆಗೆ ಇದನ್ನು ಓದಿ ಹೇಳಬೇಡ.

ಈದ್ ಆದ ಮರುದಿನ ಅವಳಿಗೊಂದು ಹೊಸ ಸೀರೆ, ಒಂದು ಡಬ್ಬಿ ಶೀರ್ ಖುರ್ಮಾ ಕೊಟ್ಟು ಕಳಿಸಿದೆ. ಪ್ರತಿ ವರ್ಷ ಕೊಡುವುದೇ. ಕೊಟ್ಟು ನಾನು ಮಧ್ಯಾಹ್ನದ ಜೊಹರ್ ನಮಾಜಿಗೆ ನಿಂತೆ. ಕೆಳಗೆ ರಾಮು ಚೀಲ ತೆಗೆಸಿದ. ಹೊಸ ಸೀರೆ ನೋಡಿ ನನಗೆ ಇಂಟರ್‌ಕಾಂ ಮಾಡಿದ. ನಮಾಜಿನಲ್ಲಿದ್ದವಳು ಎತ್ತುವುದು ಹೇಗೆ? ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಮತ್ತೆ ಮತ್ತೆ ಮಾಡಿದ. ಅಷ್ಟು ಹೊತ್ತು ಬಾಲಮ್ಮ ಗೇಟಿನ ಪಕ್ಕ ಬಿಸಿಲಿನಲ್ಲಿ ನಿಂತಿದ್ದಳು, ಸ್ಕೂಲಿನಿಂದ ಬಂದ ಮಕ್ಕಳು ಸುತ್ತ ನಿಂತು ನೋಡಿದರು. ಡಬ್ಬಿ ಮುಚ್ಚಳ ತೆಗೆದು ರಾಮು ಮೂಸಿ ನೋಡಿದನಂತೆ. ಅವಳು ಸೀರೆ ಮತ್ತು ಡಬ್ಬಿಯನ್ನು ಅವನ ಮೇಜಿನ ಮೇಲೆ ಇಟ್ಟು, ಬರಿ ಚೀಲ ಹಿಡಿದು ಹೊರಟುಹೋದಳು. ಮರುದಿನ ಬರಲಿಲ್ಲ. ಮೂರನೆಯ ದಿನವೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಹುಷಾರಿಲ್ಲವೇನೋ ಎಂದುಕೊಂಡೆ ನಾನು. ರಾಮು ಹೆದರಿ ಸೀರೆಯನ್ನೂ ಡಬ್ಬಿಯನ್ನೂ ತನ್ನ ಹತ್ತಿರವೇ ಇಟ್ಟುಕೊಂಡು ನನಗೆ ಹೇಳಿರಲೇ ಇಲ್ಲ.

ವಿಷಯ ಮೊದಲು ಗೊತ್ತಾದದ್ದು ಸಿದ್ರಾಗೆ. ಈ ಹುಡುಗಿಗೆ ಲಾ ಓದುವ ಹುಚ್ಚು ಹಿಡಿಸಿದವನು ನೀನು, ನೆನಪಿರಲಿ. ಮಾರನೆಯ ದಿನ ಹಾಲು ತರಲು ಲಿಫ್ಟಿನಲ್ಲಿ ಇಳಿಯುತ್ತೇನೆ, ಕನ್ನಡಿಯ ಪಕ್ಕದಲ್ಲಿ ದೊಡ್ಡದೊಂದು ಹಾಳೆ: ನಮ್ಮ ಅಧ್ಯಕ್ಷರ ಕ್ರಮಗಳು ಸಂವಿಧಾನವನ್ನು ಉಲ್ಲಂಗಿಸಿವೆಯೇ? ಗುಂಪಿನಲ್ಲಿ ಬಾಯಿ ಕಟ್ಟಿದ್ದೇನಲ್ಲ, ಅದಕ್ಕೇ ಲಿಫ್ಟು. ಕೆಳಗೆ ಆರೋಪಗಳು. ವಾಟ್ಸಾಪಿನ ಬಾಯಿ ಮುಚ್ಚಿಸಿದ್ದು ಹತ್ತೊಂಬತ್ತನೇ ವಿಧಿಯ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ. ಟೆರೇಸಿಗೆ ಬೀಗ ಹಾಕಿದ್ದು ಸಭೆ ಸೇರುವ ಹಕ್ಕಿಗೆ ವಿರುದ್ಧ. ಕೆಲಸದವರ ಚೀಲ ಮಾತ್ರ ತೆಗೆಸುವುದು ಎಲ್ಲರೂ ಸಮಾನರು ಅನ್ನುವ ಹದಿನಾಲ್ಕನೇ ವಿಧಿಗೂ, ಮರ್ಯಾದೆಯಿಂದ ಬದುಕುವ ಇಪ್ಪತ್ತೊಂದನೇ ವಿಧಿಗೂ ವಿರುದ್ಧ. ಕೆಳಗೆ ಹೆಸರು, ಫ್ಲ್ಯಾಟ್ ನಂಬರು. ನಮ್ಮದೇ ಫ್ಲ್ಯಾಟು. ನಾನು ಮೊದಲು ಮಾಡಿದ ಕೆಲಸವೆಂದರೆ ಪರ್ಸಿನಿಂದ ಕೆಂಪು ಪೆನ್ನು ತೆಗೆದು ಉಲ್ಲಂಘಿಸಿವೆಯೇ ಎಂದು ತಿದ್ದಿದ್ದು. ಸಿಟ್ಟು ಬಂದದ್ದು ಅದಾದ ಮೇಲೆ.

ಬಂತು ನೋಡು ಸಿಟ್ಟು. ಮೇಲೆ ಬಂದು ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ಅವಳು ತಣ್ಣಗೆ, ದಾದಿ, ಮೊದಲು ಬಾಲಮ್ಮ ಆಂಟಿಗೆ ಏನಾಯ್ತು ಅಂತ ಕೇಳಿ, ಆಮೇಲೆ ಬೈರಿ ಎಂದಳು. ರಾಮು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ತಪ್ಪು ನನ್ನದೇ ಎಂದು ಆಗಲೇ ಗೊತ್ತಾಯಿತು. ಆದರೂ ಅಫ್ತಾಬ್, ಮಾನ ಅನ್ನುವುದು ಬಲು ಕೆಟ್ಟದ್ದು. ಹಾಳೆಯನ್ನು ಅಷ್ಟು ಹೊತ್ತಿಗೆ ಎಲ್ಲ ಮಹಡಿಯವರೂ ಓದಿಯಾಗಿತ್ತು. ಹದಿನೇಳು ವರ್ಷದ ಹುಡುಗಿಯ ಮುಂದೆ, ಅದೂ ನನ್ನ ಮಡಿಲಲ್ಲಿ ಬೆಳೆದವಳ ಮುಂದೆ ತಪ್ಪು ಒಪ್ಪಿಕೊಳ್ಳಲು ನಾಲಿಗೆ ಹೊರಳಲಿಲ್ಲ. ವಿಶೇಷ ಸಭೆ ಕರೆಯಿರಿ ಎಂದೆ ಮುನಿಆಂಜನಪ್ಪನವರಿಗೆ. ಆ ಸಂಜೆಯೇ ನಿನಗೆ ಫೋನ್ ಮಾಡಿದ್ದು. ನೀನು ಏನಂದೆ, ನೆನಪಿದೆಯೇ? ಆಪಾ, ಮೂಲಭೂತ ಹಕ್ಕು ಕೇಳೋದು ಸರ್ಕಾರದ ವಿರುದ್ಧ, ನಿಮ್ಮ ಅಪಾರ್ಟ್‌ಮೆಂಟ್ ಏನು ಸರ್ಕಾರಾನಾ, ಹನ್ನೆರಡನೇ ವಿಧಿ ಓದಿ ಹೇಳಿ, ಗೆದ್ದು ಬನ್ನಿ. ಹೇಳಿ ಹೋ ಎಂದು ನಕ್ಕೆ. ಬಾಲಮ್ಮನ ವಿಷಯ ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಕಕ್ಷಿದಾರ ಬಂದ ಎಂದು ಇಟ್ಟೆ. ಮೇಲೆ ಹೇಳಿದ ಬೈಗುಳ ಇದಕ್ಕೇ.

ಸಭೆ ಎರಡನೇ ಭಾನುವಾರ ನಡೆಯಿತು. ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿದ್ದರು, ಎಂದೂ ಬಾರದವರೂ ಬಂದಿದ್ದರು. ಸಿದ್ರಾ ಎದ್ದು ನಿಂತು ಆರೋಪ ಓದಿದಳು. ಎಷ್ಟು ಚೆನ್ನಾಗಿ ಓದಿದಳು ಅಂತೀಯ, ಎಲ್ಲೂ ತಡವರಿಸಲಿಲ್ಲ. ನನ್ನ ಎದುರಾಳಿ ಅನ್ನುವುದು ಮರೆತು ಒಂದು ಗಳಿಗೆ ಹೆಮ್ಮೆಯಿಂದ ನೋಡುತ್ತಾ ಕೂತೆ. ಆಮೇಲೆ ನಾನು ಎದ್ದೆ. ನೀನು ಹೇಳಿಕೊಟ್ಟದ್ದನ್ನು ಹೇಳಿದೆ. ಸಂವಿಧಾನ ಸರ್ಕಾರವನ್ನು ಕಟ್ಟಿಹಾಕಲು ಇರುವುದು, ನಮ್ಮ ಗೇಟಿನ ಒಳಗೆ ಸಂಘದ ನಿಯಮ ಸಾಕು, ಅಧ್ಯಕ್ಷೆಯಿಂದ ಯಾವ ಉಲ್ಲಂಘನೆಯೂ ಆಗಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಸೂಪರ್ ಮೇಡಂ, ಸಂವಿಧಾನ ಎಲ್ಲಾ ರೋಡಲ್ಲಿ ಇಟ್ಕೊಳ್ಳಲಿ ಎಂದರು ಮುನಿಆಂಜನಪ್ಪ. ಸಿದ್ರಾ ಹಾಳೆ ಮಡಿಚಿಟ್ಟುಕೊಂಡು ಕೂತಳು. ಮನೆಗೆ ಬಂದ ಮೇಲೆ ಅವಳು ಮುಖ ಊದಿಸಿಕೊಳ್ಳಲಿಲ್ಲ, ಅದೇ ನನಗೆ ಕಷ್ಟವಾದದ್ದು. ನೀವು ಗೆದ್ರಿ ದಾದಿ, ಕಂಗ್ರಾಜುಲೇಷನ್ಸ್ ಎಂದು ಹೇಳಿ ಓದಲು ಹೋದಳು.

ಮರುದಿನ ಬೆಳಿಗ್ಗೆ ಎಲ್ಲರೂ ಹೊರಟರು. ನಾನೊಬ್ಬಳೇ ಚಹಾ ಮಾಡಿಕೊಂಡೆ. ಅಭ್ಯಾಸಬಲದಲ್ಲಿ ಇಬ್ಬರಿಗಾಗುವಷ್ಟು ಮಾಡಿದ್ದೆ. ಅಲ್ಲೇ ನಿಂತು ಅತ್ತೆ ಅಫ್ತಾಬ್. ಗೆದ್ದು ಬಂದವಳು ಸಿಂಕಿನ ಮುಂದೆ ನಿಂತು ಅಳುವುದು ನೋಡಿದ್ದೀಯಾ? ಅಳುತ್ತಲೇ ನನ್ನ ತರಗತಿ ನೆನಪಾಯಿತು. ಮೂವತ್ತು ವರ್ಷ ಎಷ್ಟು ಕಂಪಾಸು, ಎಷ್ಟು ಪೆನ್ನು ಕಳೆದಿಲ್ಲ. ಕಳೆದಾಗಲೆಲ್ಲ ಎಲ್ಲ ಮಕ್ಕಳ ಚೀಲ ಮೇಜಿನ ಮೇಲೆ ಇಡಿಸುತ್ತಿದ್ದೆ, ಎಲ್ಲಕ್ಕಿಂತ ಮೊದಲು ನನ್ನ ಚೀಲ ಕವುಚುತ್ತಿದ್ದೆ. ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ಹಾಗೆ ಮಾಡದೆ ಮಕ್ಕಳ ಚೀಲಕ್ಕೆ ಕೈ ಹಾಕಲು ನನಗೆ ಆಗುತ್ತಲೇ ಇರಲಿಲ್ಲ. ಅಧ್ಯಕ್ಷೆಯಾದ ಮೇಲೆ ಆ ಒಂದು ಸಾಲನ್ನು ಹೇಗೆ ಬಿಟ್ಟೆ? ದುಂಡಗೆ ಬರೆದ ಆದೇಶದಲ್ಲಿ ನನ್ನ ಚೀಲ ಎಲ್ಲಿ ಹೋಯಿತು? ಮುಖ ತೊಳೆದುಕೊಂಡು ಹೊಸ ನೋಟೀಸು ಬರೆದೆ. ನಾಳೆಯಿಂದ ಹೊರಗೆ ಹೋಗುವ ಪ್ರತಿಯೊಬ್ಬರ ಚೀಲವನ್ನೂ, ಕಾರಿನ ಡಿಕ್ಕಿಯನ್ನೂ ಗೇಟಿನಲ್ಲಿ ನೋಡಲಾಗುವುದು. ಮನೆಯವರು, ಕೆಲಸದವರು ಎಂಬ ಭೇದವಿಲ್ಲ. ಸಹಿ, ಅಧ್ಯಕ್ಷೆ. ಗುಂಪಿನಲ್ಲಿ ಹಾಕಿದೆ. ಯಾರೂ ಉತ್ತರ ಕೊಡುವ ಹಾಗಿರಲಿಲ್ಲವಲ್ಲ, ಆ ಬೀಗ ಅವತ್ತು ಒಂದು ದಿನ ಉಪಯೋಗಕ್ಕೆ ಬಂತು.

ಮಾರನೆಯ ದಿನ ಬೆಳಗಾಗುತ್ತಿದ್ದ ಹಾಗೆ ನಾನು ಕೆಳಗೆ ಇಳಿದು ರಾಮುವಿನ ಮೇಜಿನ ಮೇಲೆ ನನ್ನ ಪರ್ಸ್ ಇಟ್ಟೆ. ಬೇಡ ಮೇಡಂ, ಕೆಲಸ ಹೋಗುತ್ತೆ ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ. ನೋಡದಿದ್ದರೇ ಹೋಗುವುದು ಎಂದು ಗದರಿದೆ. ತಸ್ಬೀಹ್ ಮಣಿಸರ, ಕನ್ನಡಕ, ಕರವಸ್ತ್ರ, ಜೊತೆಗೆ ಸೊಸೆಗೆ ಗೊತ್ತಿಲ್ಲದೆ ಇಟ್ಟುಕೊಂಡ ಕಡಲೆ ಮಿಠಾಯಿ, ಎಲ್ಲ ಮೇಜಿನ ಮೇಲೆ ಬಂತು. ಕುರ್ಚಿ ಹಾಕಿಸಿಕೊಂಡು ಅಲ್ಲೇ ಕೂತೆ. ಆಮೇಲಿನದು ನೀನು ನೋಡಬೇಕಿತ್ತು. ಆಫೀಸಿಗೆ ಹೊರಟವರ ಲ್ಯಾಪ್‌ಟಾಪ್ ಚೀಲ, ಊಟದ ಡಬ್ಬಿ, ಜಿಮ್ಮಿನ ಚೀಲದ ಬೆವರು ಬಟ್ಟೆ. ಒಬ್ಬರಿಗೆ ಮೀಟಿಂಗಿಗೆ ತಡ, ಒಬ್ಬರಿಗೆ ಬಸ್ಸಿಗೆ ತಡ. ಗೇಟಿನಿಂದ ಲಿಫ್ಟಿನ ತನಕ ಕ್ಯೂ. ಮುನಿಆಂಜನಪ್ಪನವರ ಕಾರಿನ ಡಿಕ್ಕಿಯಲ್ಲಿ ಕುದುರೆ ರೇಸಿನ ಪುಸ್ತಕಗಳ ಒಂದು ಕಟ್ಟು. ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ಏನ್ರೀ ಇದು, ಬಿಟ್ಟೆ ಅಂದಿದ್ರಿ ಎಂದರು. ನಾನು ಆಕಾಶ ನೋಡಿದೆ. ಎರಡನೇ ಮಹಡಿಯವಳಂತೂ ನನ್ನ ಪರ್ಸು ನನ್ನ ಸ್ವಂತದ್ದು, ಮುಟ್ಟಿದರೆ ಪೊಲೀಸಿಗೆ ಹೋಗುತ್ತೇನೆ ಎಂದು ಕೂಗಿದಳು. ಅವಳ ಕಾಲ್ಗೆಜ್ಜೆ ಇನ್ನೂ ಸಿಕ್ಕಿಲ್ಲ.

ಎರಡು ದಿನ ತಡೆದುಕೊಂಡರು. ಮೂರನೆಯ ದಿನ ಮುನಿಆಂಜನಪ್ಪನವರೇ ತುರ್ತು ಸಭೆ ಕರೆದರು. ಇದೇನ್ ಮೇಡಂ, ಪ್ರೈವೆಸಿ ಅನ್ನೋದು ಮೂಲಭೂತ ಹಕ್ಕು, ಸಂವಿಧಾನದಲ್ಲೇ ಇದೆ ಎಂದರು. ನಾನು ನಿಧಾನವಾಗಿ ಕನ್ನಡಕ ಒರೆಸಿಕೊಂಡು, ಸಂವಿಧಾನವನ್ನು ರೋಡಿನಲ್ಲಿ ಇಟ್ಟುಕೊಳ್ಳಲಿ ಎಂದು ನೀವೇ ಹೇಳಿದ್ದಿರಲ್ಲ, ಒಳಗೆ ಯಾವಾಗ ತಂದಿರಿ ಎಂದು ಕೇಳಿದೆ. ಹಿಂದಿನ ಸಾಲಿನಲ್ಲಿ ಸಿದ್ರಾ ಕಿಸಕ್ಕನೆ ನಕ್ಕಳು. ಆಗ ನಾನು ಹೇಳಬೇಕಾದ್ದನ್ನು ಹೇಳಿದೆ. ಕಾನೂನಿನ ಪ್ರಕಾರ ನಾನು ಗೆದ್ದಿದ್ದೇನೆ, ನನ್ನ ತಮ್ಮ ವಕೀಲ, ಅವನ ಮಾತು ಸುಳ್ಳಾಗುವುದಿಲ್ಲ. ಆದರೆ ನಾನು ಕೊಟ್ಟ ಹಬ್ಬದ ಸೀರೆಯನ್ನು ನನ್ನದೇ ಆದೇಶ ಕಳ್ಳಮಾಲು ಮಾಡಿತು. ಬಾಲಮ್ಮನ ವಿಷಯದಲ್ಲಿ ಅಧ್ಯಕ್ಷೆಯದು ತಪ್ಪು, ನನ್ನ ಮೊಮ್ಮಗಳು ಹೇಳಿದ್ದೇ ಸರಿ ಎಂದೆ. ಚೀಲ ನೋಡುವ ಆದೇಶ ಎಲ್ಲರಿಗೂ ರದ್ದು ಎಂದು ಸಭೆ ಕೈ ಎತ್ತಿತು, ಒಂದು ಕೈಯೂ ಕೆಳಗಿರಲಿಲ್ಲ. ಅದೇ ಕೈಗಳಲ್ಲಿ ವಾಟ್ಸಾಪಿನ ಬೀಗವನ್ನೂ ತೆಗೆಸಿದರು. ಈಗ ಬೆಳಗಾದರೆ ಮತ್ತೆ ಹೂವು, ಸೂರ್ಯ, ಕಸ. ಸಿದ್ರಾಗೆ ವಾಕ್ ಸ್ವಾತಂತ್ರ್ಯ ಕೊಟ್ಟು ನಾನು ಪಡುತ್ತಿರುವ ಪಾಡು ಯಾರಿಗೂ ಬೇಡ.

ಸಭೆ ಮುಗಿಸಿಕೊಂಡು ಸಿದ್ರಾಳನ್ನು ಕರೆದುಕೊಂಡು ನೇರ ಜೋಗುಪಾಳ್ಯಕ್ಕೆ ಹೋದೆ. ಅಂಗಡಿ ಸಾಲಿನ ಹಿಂದೆ ಅವಳ ರೂಮು, ನಾಲ್ಕು ಮನೆಗೆ ಒಂದೇ ನಲ್ಲಿ. ಇಷ್ಟು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಬಾಲಮ್ಮ ನನ್ನನ್ನು ನೋಡಿ ಗಡಬಡಿಸಿ ಚಾಪೆ ಹಾಸಿದಳು. ಅಮರಪ್ಪ ಹೊರಗೆ ಹೋಗಿ ಬನ್ನು ತಂದ. ನಾನು ಕೂತವಳೇ, ತಪ್ಪಾಯಿತು ಬಾಲಮ್ಮ ಎಂದೆ. ಸುತ್ತಿ ಬಳಸಿ ಹೇಳಲಿಲ್ಲ. ಅವಳು ಸೆರಗಿನ ಅಂಚು ತಿರುವುತ್ತಾ, ನಿಮ್ ಮ್ಯಾಲ ಸಿಟ್ಟಿಲ್ರಿ ಟೀಚರಮ್ಮಾ, ಹುಡುಗ್ರು ನೋಡಾಕತ್ತಿದ್ರು ನೋಡ್ರಿ, ಅದಕ್ಕ ಜೀವಕ್ಕ ಹತ್ತಿತು ಎಂದಳು. ಹುಡುಗರೆಲ್ಲ ಅವಳು ಎತ್ತಿ ಆಡಿಸಿದ ಮಕ್ಕಳು. ನಾನು ಅವಳ ಕೈ ಹಿಡಿದುಕೊಂಡೆ. ಇಬ್ಬರೂ ಸ್ವಲ್ಪ ಅತ್ತೆವು. ಸಿದ್ರಾ ಪಾಪ ಬನ್ನು ತಿನ್ನುತ್ತಾ ಗೋಡೆ ನೋಡುತ್ತಿದ್ದಳು. ಸೋಮವಾರ ಬರ್ತೀನ್ರಿ ಎಂದಳು ಬಾಲಮ್ಮ. ಹೇಳಿದ ಹಾಗೆ ಸೋಮವಾರ ಬಂದಳು, ಬಂದವಳೇ ನನ್ನ ತಲೆ ನೋಡಿ, ಏನ್ರಿ ಇದು, ಎಣ್ಣಿ ಕಂಡೇ ಇಲ್ಲ ಅಂದಳು. ಮನೆಯಲ್ಲಿ ಚಹಾ ಮತ್ತೆ ಇಬ್ಬರಿಗೆ ಆಗುತ್ತಿದೆ. ಈ ವಾರ ಊಟ ರುಚಿಯಾಗಿದೆ, ನಿದ್ದೆ ಚೆನ್ನಾಗಿ ಬರುತ್ತಿದೆ. ಜುಲೈ ತನಕ ಅಧ್ಯಕ್ಷೆಯಾಗಿ ಇರುತ್ತೇನೆ, ಆಮೇಲೆ ಯಾರಿಗೆ ಗಂಟಲಿದೆಯೋ ಅವರು ಮಾಡಿಕೊಳ್ಳಲಿ.

ನೀನು ಮೇ ರಜೆಯಲ್ಲಿ ನಾಜಿಶ್‌ಳನ್ನು ಕರೆದುಕೊಂಡು ಬಾ. ಕೋರ್ಟಿಗೆ ರಜೆ ಇರುವಾಗಲೂ ಕಕ್ಷಿದಾರ ಬಂದ ಎಂದು ನೆಪ ಹೇಳಿದರೆ ನಾನು ಕೇಳುವುದಿಲ್ಲ. ಸಿದ್ರಾ ನಿನ್ನ ಹತ್ತಿರ ಹನ್ನೆರಡನೇ ವಿಧಿಯ ಬಗ್ಗೆ ವಾದ ಮಾಡಲು ಕಾಯುತ್ತಿದ್ದಾಳೆ, ತಯಾರಾಗಿ ಬಾ. ನಿಮ್ಮಿಬ್ಬರನ್ನೂ ಅಲ್ಲಾಹ್ ಬಿಸಿಲಿನಿಂದಲೂ ಜಿಲೇಬಿಯಿಂದಲೂ ಕಾಪಾಡಲಿ. ಮಕ್ಕಳ ಹಣೆಗೆ ನನ್ನದೊಂದು ಮುತ್ತು.

ನಿನ್ನನ್ನು ಎತ್ತಿ ಬೆಳೆಸಿದ ಅಕ್ಕ,
ಮೆಹರುನ್ನೀಸಾ

ಮ. ಸೂ.: ಸಿದ್ರಾ ಟ್ಯೂಷನ್ನಿಗೆ ಹೋಗುವಾಗ ಕಾಗದವನ್ನು ಪೋಸ್ಟ್ ಡಬ್ಬಕ್ಕೆ ಹಾಕುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಸೋಮವಾರ ಬಾಲಮ್ಮ ಕೆಲಸ ಮುಗಿಸಿ ಹೊರಟಾಗ ನಾನು ಬಾಲ್ಕನಿಯಲ್ಲಿದ್ದೆ. ರಾಮು ಗಿಡಗಳಿಗೆ ನೀರು ಹಾಕುತ್ತಿದ್ದ, ಅವಳ ಕಡೆ ನೋಡಿರಲೂ ಇಲ್ಲ. ಅವಳೇ ಹೋಗಿ ಅವನ ಮೇಜಿನ ಮುಂದೆ ನಿಂತು ಚೀಲದ ಬಾಯಿ ಬಿಚ್ಚಿ ಹಿಡಿದಳು. ಯಾರೂ ಕೇಳಿರಲಿಲ್ಲ ಅಫ್ತಾಬ್. ಮರುದಿನವೂ ಹಾಗೇ ಮಾಡಿದಳು. ಅದು ರದ್ದಾಗಿದೆ ಬಾಲಮ್ಮ ಎಂದೆ, ಗೊತ್ತೈತ್ರಿ ಎಂದಳು, ಹೋಗುವಾಗ ಮತ್ತೆ ಬಿಚ್ಚಿ ಹಿಡಿದಳು. ಅದಕ್ಕೇ ಈಗ ಅವಳು ಹೊರಡುವಾಗ ನಾನೂ ಜೊತೆಗೆ ಇಳಿಯುತ್ತೇನೆ. ಅವಳ ಚೀಲ ನನ್ನ ಹೆಗಲಿಗೆ ಹಾಕಿಕೊಂಡು ಗೇಟು ದಾಟಿ, ರಸ್ತೆಯಲ್ಲಿ ಅವಳ ಕೈಗೆ ಕೊಟ್ಟು ಬರುತ್ತೇನೆ. ಊಟವಾದ ಮೇಲೆ ಸ್ವಲ್ಪ ಭಾರ ಹೊತ್ತು ನಡೆಯಬೇಕೆಂದು ಡಾಕ್ಟರು ಹೇಳಿದ್ದಾರೆ ಎಂದು ಸುಳ್ಳು ಹೇಳಿದ್ದೇನೆ. ನಿನ್ನೆಯೂ ಮೇಜಿನ ಹತ್ತಿರ ಬಂದಾಗ ಅವಳ ಕೈ ತಾನಾಗಿ ಚೀಲದ ಕಡೆ ಬಂತು. ಅವಳ ಕೈ ಅದನ್ನು ಮರೆಯುವ ತನಕ ನಾನು ಇಳಿಯುತ್ತಲೇ ಇರುತ್ತೇನೆ. ನೀನು ಬಂದಾಗ ಅವಳೆದುರು ಬಾಯಿ ಬಿಡಬೇಡ, ಕೇಳಿದರೆ ಡಾಕ್ಟರು ಹೇಳಿದ್ದು ನಿಜ ಅನ್ನು.